ಟೈಟನ್‌ಗೆ ಇಳಿಯುವ ಪ್ರೋಬ್: ವಿನ್ಯಾಸ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಾವು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರ ಮೂರನೇ ವರ್ಷದ ವಿದ್ಯಾರ್ಥಿಗಳು. ಶನಿಯ ಉಪಗ್ರಹ ಟೈಟನ್ ಮೇಲೆ ಇಳಿಯುವ ಪ್ರೋಬ್ ಒಂದರ ವಿನ್ಯಾಸವನ್ನು ಪ್ರಾಜೆಕ್ಟ್ ಆಗಿ ಆಯ್ದುಕೊಂಡಿದ್ದೇವೆ. ಚಂದ್ರಯಾನ-3ರ ವಿಕ್ರಮ್ ಲ್ಯಾಂಡರನ್ನೇ ಮಾದರಿಯಾಗಿ ಇಟ್ಟುಕೊಂಡು ಅದಕ್ಕೊಂದು ಹೀಟ್ ಶೀಲ್ಡ್, ಒಂದು ಪ್ಯಾರಾಚೂಟ್ ಸೇರಿಸಿದರೆ ಸಾಕೆ? ಪ್ಯಾರಾಚೂಟ್ ಎಷ್ಟು ದೊಡ್ಡದಿರಬೇಕು ಎಂಬಲ್ಲೇ ಸಿಕ್ಕಿಹಾಕಿಕೊಂಡಿದ್ದೇವೆ. ಟೈಟನ್ ಬಿಟ್ಟು ಗುರುಗ್ರಹದ ಉಪಗ್ರಹ ಯೂರೋಪಾ ಹಿಡಿದರೆ ಸುಲಭವಾಗುತ್ತದೆಯೆ? ಇದರಲ್ಲಿ ಏನನ್ನಾದರೂ ಇಲ್ಲೇ ಪರೀಕ್ಷೆ ಮಾಡಿ ತೋರಿಸಲು ಸಾಧ್ಯವೆ?

ಉತ್ತರ: ಸಾಕಾಗುವುದಿಲ್ಲ. ಆದರೆ ನೀವು ಸಿಕ್ಕಿಹಾಕಿಕೊಂಡಿರುವ ಜಾಗ ಒಳ್ಳೆಯ ಜಾಗ. ಪ್ಯಾರಾಚೂಟಿನ ಅಳತೆ ಬರದೇ ಇರುವುದಕ್ಕೆ ಕಾರಣ ನಿಮ್ಮ ಗಣಿತವಲ್ಲ. ಅದಕ್ಕೂ ಮೊದಲಿನ ಒಂದು ಪ್ರಶ್ನೆ ನಿಮ್ಮ ಪಟ್ಟಿಯಲ್ಲೇ ಇಲ್ಲ. ಇಳಿಯಲು ಎಷ್ಟು ಹೊತ್ತು ತೆಗೆದುಕೊಳ್ಳಬೇಕು? ಅದು ಗೊತ್ತಾಗಬೇಕಾದರೆ, ಇಳಿಯುತ್ತಿರುವಾಗ ಅದರ ಮಾತು ಕೇಳಿಸಿಕೊಳ್ಳುವವರು ಯಾರು, ಎಷ್ಟು ಹೊತ್ತು ಅವರು ಅಲ್ಲಿರುತ್ತಾರೆ ಎಂಬುದು ಗೊತ್ತಿರಬೇಕು. ದೂರದ ಚಂದ್ರನಿಗೆ ಕಳಿಸುವ ಪ್ರೋಬನ್ನು ರೇಡಿಯೊದಿಂದ ಹಿಂದಕ್ಕೆ ವಿನ್ಯಾಸ ಮಾಡುತ್ತಾ ಬರಬೇಕು. ಶಾಖ, ಪ್ಯಾರಾಚೂಟ್, ಬ್ಯಾಟರಿ, ಕಾಲು ಎಲ್ಲ ಆಮೇಲೆ. ವಿನ್ಯಾಸ ಪರಿಶೀಲನೆಯ ಸಭೆಗಳಲ್ಲಿ ಹೀಟ್ ಶೀಲ್ಡಿನ ಚಿತ್ರ ಬಂದಾಗ ಎಲ್ಲರೂ ನೆಟ್ಟಗೆ ಕೂರುತ್ತಾರೆ, ರೇಡಿಯೊ ಲಿಂಕಿನ ಕೋಷ್ಟಕ ಬಂದಾಗ ಕಾಫಿಗೆ ಏಳುತ್ತಾರೆ. ಟೈಟನ್‌ನ ಕಥೆಯಲ್ಲಿ ಕೈಕೊಟ್ಟದ್ದು ಆ ಕೋಷ್ಟಕದ ಭಾಗವೇ. ಅದಕ್ಕೆ ಬರುತ್ತೇನೆ.

ವಿಕ್ರಮ್ ಯಾಕೆ ಮಾದರಿಯಾಗುವುದಿಲ್ಲ ಎಂಬುದನ್ನು ಮೊದಲು ಮುಗಿಸೋಣ. ನಮ್ಮ ಚಂದ್ರನಿಗೆ ಗಾಳಿ ಇಲ್ಲ. 30 ಕಿಲೋಮೀಟರ್ ಎತ್ತರದಲ್ಲಿ ಸೆಕೆಂಡಿಗೆ ಸುಮಾರು 1.68 ಕಿಲೋಮೀಟರ್ ವೇಗದಲ್ಲಿದ್ದ ವಿಕ್ರಮ್, ಆ ವೇಗವನ್ನೆಲ್ಲ ಎಂಜಿನ್ ಉರಿಸಿಯೇ ಕಳೆದುಕೊಳ್ಳಬೇಕಿತ್ತು. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ಲ್ಯಾಂಡರ್ ಕೊನೆಯ ಹಂತದಲ್ಲಿ ದಾರಿ ತಪ್ಪಿತು. ಅದಾದ ಮೇಲೆ ಮಾಡಿದ ಬದಲಾವಣೆಗಳನ್ನು ನೋಡಿ: ಐದು ಎಂಜಿನ್ ನಾಲ್ಕಾದವು, ಕಾಲುಗಳು ಗಟ್ಟಿಯಾದವು, ವೇಗವನ್ನು ನೇರವಾಗಿ ಅಳೆಯುವ ಲೇಸರ್ ಉಪಕರಣ ಬಂತು, ಇಳಿಯುವ ಜಾಗ 500 ಮೀಟರ್ ಚೌಕದಿಂದ 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿತು. 2023ರ ಆಗಸ್ಟ್ 23ರ ಸಂಜೆ ಪೀಣ್ಯದ ನಿಯಂತ್ರಣ ಕೊಠಡಿಯ ಪರದೆಯಲ್ಲಿ ಕಂಡ ಪ್ರತಿ ಅಂಕಿಯೂ ಚಂದ್ರನಲ್ಲಿ ಅದಕ್ಕೂ ಒಂದೂಕಾಲು ಸೆಕೆಂಡ್ ಹಿಂದಿನದು, ಅಷ್ಟೇ. ಟೈಟನ್ ಇದರಲ್ಲಿ ಯಾವುದಕ್ಕೂ ಹೊಂದುವುದಿಲ್ಲ. ಅಲ್ಲಿ ಗಾಳಿ ಬೇಕಾದಷ್ಟಿದೆ. ನಕ್ಷೆ ನಂಬಲಾಗದ್ದು. ಸಂಕೇತ ಬರಲು ಗಂಟೆಗೂ ಮೇಲೆ. ಇನ್ನು ದೂರ: ನಮ್ಮ ಚಂದ್ರನಿಗಿಂತ ಮೂರು ಸಾವಿರ ಪಟ್ಟಿಗೂ ಹೆಚ್ಚು. ಅಂದರೆ ಅದೇ ಶಕ್ತಿಯ ಟ್ರಾನ್ಸ್‌ಮಿಟರ್, ಅದೇ ಆಂಟೆನಾ ಇಟ್ಟುಕೊಂಡರೆ ಬೆಂಗಳೂರು ಬಳಿಯ ಬ್ಯಾಲಾಳುವಿನ 32 ಮೀಟರ್ ಡಿಶ್‌ಗೆ ಬರುವ ಸಂಕೇತ ಸುಮಾರು ಒಂದು ಕೋಟಿ ಪಾಲು ಕ್ಷೀಣ.

ಟೈಟನ್‌ನ ಅಂಕಿಗಳನ್ನು ಗೋಡೆಗೆ ಅಂಟಿಸಿಕೊಳ್ಳಿ. ವ್ಯಾಸ 5150 ಕಿಲೋಮೀಟರ್, ಬುಧಗ್ರಹಕ್ಕಿಂತ ದೊಡ್ಡದು. ನೆಲದ ಮೇಲೆ ಒತ್ತಡ ನಮ್ಮದರ ಒಂದೂವರೆ ಪಟ್ಟು. ಉಷ್ಣತೆ ಮೈನಸ್ 179 ಡಿಗ್ರಿ ಸೆಲ್ಸಿಯಸ್. ಗಾಳಿಯ ಬಹುಪಾಲು ಸಾರಜನಕ, ಉಳಿದದ್ದರಲ್ಲಿ ಮುಖ್ಯವಾಗಿ ಮೀಥೇನ್. ಚಳಿಯಿಂದಾಗಿ ಆ ಗಾಳಿ ಘನ ಮೀಟರಿಗೆ 5.4 ಕಿಲೋ ತೂಗುತ್ತದೆ, ನಮ್ಮದು 1.2 ಕಿಲೋ. ಗುರುತ್ವ ನಮ್ಮ ಏಳನೇ ಒಂದು ಭಾಗ.

ಈ ಎರಡು ಕೊನೆಯ ಅಂಕಿಗಳಿಂದಲೇ ನಿಮ್ಮ ಪ್ಯಾರಾಚೂಟಿನ ಗಂಟು ಬಿಚ್ಚಿಕೊಳ್ಳುತ್ತದೆ. ಬೀಳುವ ವಸ್ತುವಿನ ಸ್ಥಿರ ವೇಗ ಗುರುತ್ವದ ವರ್ಗಮೂಲಕ್ಕೆ ಅನುಪಾತದಲ್ಲಿ, ಗಾಳಿಯ ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮವಾಗಿ ಇರುತ್ತದೆ. ಲೆಕ್ಕ ಹಾಕಿದರೆ ಟೈಟನ್‌ನಲ್ಲಿ ಅದು ಭೂಮಿಯದರ ಐದೂವರೆಯಲ್ಲಿ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ. ಇಲ್ಲಿ ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಬೀಳುವ ವಸ್ತು ಅಲ್ಲಿ 9 ಮೀಟರಿನಲ್ಲಿ ಇಳಿಯುತ್ತದೆ. 200 ಕಿಲೋ ತೂಕದ, 1.3 ಮೀಟರ್ ವ್ಯಾಸದ ತಟ್ಟೆಯಾಕಾರದ ಪ್ರೋಬನ್ನು ಪ್ಯಾರಾಚೂಟೇ ಇಲ್ಲದೆ ಬಿಟ್ಟರೂ ನನ್ನ ಅಂದಾಜಿಗೆ ಅದು ನೆಲಕ್ಕೆ ತಾಗುವ ವೇಗ ಸೆಕೆಂಡಿಗೆ 9 ಮೀಟರಿನ ಆಸುಪಾಸು. ಇಲ್ಲಿ ಮೊದಲನೇ ಮಹಡಿಯಿಂದ ಬಿದ್ದಷ್ಟು. ಹಾಗಾಗಿ ಟೈಟನ್‌ನಲ್ಲಿ ಪ್ಯಾರಾಚೂಟಿನ ಸಮಸ್ಯೆ ‘ಸಾಕಷ್ಟು ನಿಧಾನವಾಗುತ್ತದೆಯೆ’ ಎಂಬುದಲ್ಲ. ‘ವಿಪರೀತ ನಿಧಾನವಾಗಿಬಿಟ್ಟರೆ ಏನು ಗತಿ’ ಎಂಬುದು.

ಇದನ್ನು ಒಮ್ಮೆ ಮಾಡಿ ತೋರಿಸಿದ್ದು ಯೂರೋಪಿನ ಹೈಗನ್ಸ್ ಪ್ರೋಬ್. ಸೌರಮಂಡಲದ ಹೊರಭಾಗದ ಉಪಗ್ರಹವೊಂದರ ಮೇಲೆ ಇಂದಿಗೂ ಇಳಿದಿರುವುದು ಅದೊಂದೇ. 1997ರ ಅಕ್ಟೋಬರ್ 15ರಂದು ಶನಿಯನ್ನು ಸುತ್ತಲು ಹೊರಟ ಕ್ಯಾಸಿನಿ ನೌಕೆಯ ಪಕ್ಕೆಗೆ ಅಂಟಿಕೊಂಡು ಹೊರಟಿತು. ಏಳು ವರ್ಷ ನಿದ್ದೆ, ಆರು ತಿಂಗಳಿಗೊಮ್ಮೆ ಎಬ್ಬಿಸಿ ಆರೋಗ್ಯ ವಿಚಾರಣೆ. 2004ರ ಡಿಸೆಂಬರ್ 25ರಂದು ಸ್ಪ್ರಿಂಗ್‌ಗಳು ಅದನ್ನು ಸೆಕೆಂಡಿಗೆ ಸುಮಾರು 30 ಸೆಂಟಿಮೀಟರ್ ವೇಗದಲ್ಲಿ ತಳ್ಳಿ, ನಿಮಿಷಕ್ಕೆ ಏಳೆಂಟು ಸುತ್ತು ತಿರುಗಿಸಿ ಬಿಟ್ಟವು. ಅಲ್ಲಿಂದಾಚೆಗೆ ಅದಕ್ಕೆ ಆಜ್ಞೆ ಕೊಡುವ ದಾರಿಯೇ ಇರಲಿಲ್ಲ. ಒಳಗಿನ ಟೈಮರ್‌ಗಳು ಮೂರು ವಾರ ಎಣಿಸುತ್ತಾ ಕೂತವು. 2005ರ ಜನವರಿ 14ರಂದು ಟೈಮರ್ ಎಬ್ಬಿಸಿತು, ಸೆಕೆಂಡಿಗೆ 6 ಕಿಲೋಮೀಟರ್ ವೇಗದಲ್ಲಿ ಗಾಳಿಗೆ ಹೊಕ್ಕಿತು.

ಪ್ಯಾರಾಚೂಟ್‌ಗಳು ಮೂರು. 2.6 ಮೀಟರಿನ ಚಿಕ್ಕದು ಹಿಂದಿನ ಮುಚ್ಚಳವನ್ನು ಎಳೆದು ತೆಗೆಯಲು. 8.3 ಮೀಟರಿನ ದೊಡ್ಡದು ಪ್ರೋಬನ್ನು ನಿಧಾನಗೊಳಿಸಿ ಮುಂದಿನ ಹೀಟ್ ಶೀಲ್ಡ್ ಕಳಚಿ ಬೀಳುವಂತೆ ಮಾಡಲು. ಆಮೇಲಿನದೇ ಸೊಗಸು: ಹದಿನೈದು ನಿಮಿಷ ಕಳೆದ ಮೇಲೆ ಆ ದೊಡ್ಡ ಪ್ಯಾರಾಚೂಟನ್ನು ಬೇಕೆಂದೇ ಕತ್ತರಿಸಿ ಹಾಕಿ, ಸುಮಾರು 3 ಮೀಟರಿನದನ್ನು ಬಿಚ್ಚಿದರು. ಬೇಗ ಬೀಳಲಿ ಎಂದು. ಸ್ಥಿರ ವೇಗ ಪ್ಯಾರಾಚೂಟಿನ ವ್ಯಾಸಕ್ಕೆ ವಿಲೋಮ. ದೊಡ್ಡದನ್ನೇ ಉಳಿಸಿಕೊಂಡಿದ್ದರೆ ಇಳಿತ ಎರಡೂವರೆ ಪಟ್ಟಿಗೂ ಹೆಚ್ಚು ಎಳೆಯುತ್ತಿತ್ತು. ಬ್ಯಾಟರಿ ಅಷ್ಟು ಹೊತ್ತು ಬಾಳುತ್ತದೆಂಬ ಭರವಸೆ ಇರಲಿಲ್ಲ. ಬಾಳಿದರೂ, ಅದರ ಸಂಕೇತ ಹಿಡಿದು ಭೂಮಿಗೆ ದಾಟಿಸಲು ಮೇಲೆ ಹಾದುಹೋಗುತ್ತಿರುವ ಕ್ಯಾಸಿನಿ ದಿಗಂತದ ಕೆಳಗೆ ಇಳಿದುಬಿಡುತ್ತಿತ್ತು. ಕೇಳುವವರ ವೇಳಾಪಟ್ಟಿ ಪ್ಯಾರಾಚೂಟಿನ ಅಳತೆಯನ್ನು ಹೇಳಿತು ಎಂದೆನಲ್ಲ, ಅದು ಹೀಗೆ. ಇಳಿತಕ್ಕೆ ಸುಮಾರು ಎರಡೂವರೆ ಗಂಟೆ ಹಿಡಿಯಿತು. ನೆಲದ ಮೇಲಿಂದ ಕ್ಯಾಸಿನಿಗೆ ಕೇಳಿಸಿದ್ದು ಇನ್ನೊಂದು 72 ನಿಮಿಷ. ಕ್ಯಾಸಿನಿ ಮರೆಯಾದ ಮೇಲೂ ಪ್ರೋಬ್ ಮಾತಾಡುತ್ತಲೇ ಇತ್ತು.

ಈಗ ಕಾಫಿಗೆ ಏಳುವವರ ವಿಷಯ. ಹೈಗನ್ಸ್ ಕಳಿಸುತ್ತಿದ್ದದ್ದು ಎರಡು ಚಾನೆಲ್‌ಗಳಲ್ಲಿ, ಒಂದೊಂದರಲ್ಲೂ ಸೆಕೆಂಡಿಗೆ 8192 ಬಿಟ್. ಮೂಲ ಯೋಜನೆಯಲ್ಲಿ ಕ್ಯಾಸಿನಿ ಪ್ರೋಬಿನ ಕಡೆಗೆ ಸೆಕೆಂಡಿಗೆ ಐದೂವರೆ ಕಿಲೋಮೀಟರಿನಷ್ಟು ವೇಗದಲ್ಲಿ ಧಾವಿಸುತ್ತಿರಬೇಕಿತ್ತು. ಅಷ್ಟು ವೇಗಕ್ಕೆ ಡಾಪ್ಲರ್ ಪರಿಣಾಮ ಇದ್ದೇ ಇದೆ, ಎಲ್ಲರಿಗೂ ಗೊತ್ತಿತ್ತು. ವಾಹಕ ತರಂಗವನ್ನು ಶ್ರುತಿ ಎಂದೂ ಅದರ ಮೇಲೆ ಬರುವ ಬಿಟ್‌ಗಳನ್ನು ತಾಳ ಎಂದೂ ಇಟ್ಟುಕೊಳ್ಳಿ. ಹಾಡುವವರು ನಮ್ಮತ್ತ ಧಾವಿಸಿ ಬಂದರೆ ಶ್ರುತಿಯೂ ಏರುತ್ತದೆ, ತಾಳವೂ ಬಿಗಿಯಾಗುತ್ತದೆ. ಕ್ಯಾಸಿನಿಯ ರಿಸೀವರಿಗೆ ಏರಿದ ಶ್ರುತಿಯನ್ನು ಹಿಂಬಾಲಿಸಲು ಕಲಿಸಿದ್ದರು. ಬಿಗಿಯಾದ ತಾಳವನ್ನು ಹಿಂಬಾಲಿಸಲು ಕಲಿಸಿರಲಿಲ್ಲ. ವ್ಯತ್ಯಾಸ ಲಕ್ಷಕ್ಕೆ ಎರಡರಷ್ಟು ಮಾತ್ರ. ಆದರೆ ಬಿಟ್‌ಗಳನ್ನು ಜೋಡಿಸಿಕೊಳ್ಳುವ ಸರ್ಕ್ಯೂಟಿನ ಸಹನೆ ಅದಕ್ಕಿಂತ ಕಿರಿದಾಗಿತ್ತು. ಹಾಗೇ ಬಿಟ್ಟಿದ್ದರೆ ಸಂಕೇತ ಸ್ಪಷ್ಟವಾಗಿ ಬರುತ್ತಿತ್ತು, ಒಳಗಿನ ದತ್ತಾಂಶದ ಬಹುಭಾಗ ಕಲಸುಮೇಲೋಗರವಾಗುತ್ತಿತ್ತು.

ಇದು ಬಯಲಾದದ್ದು ಉಡಾವಣೆಯಾಗಿ ಎರಡು ವರ್ಷದ ಮೇಲೆ. 2000ದ ಫೆಬ್ರವರಿಯಲ್ಲಿ ಯೂರೋಪಿನ ಬಾಹ್ಯಾಕಾಶ ಸಂಸ್ಥೆಯ ಎಂಜಿನಿಯರ್ ಬೋರಿಸ್ ಸ್ಮೆಡ್ಸ್ ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್ ಆಂಟೆನಾದಿಂದ ಹೈಗನ್ಸ್‌ನ ಸಂಕೇತವನ್ನು ಅನುಕರಿಸಿ, ಡಾಪ್ಲರ್ ಸಮೇತ, ಕ್ಯಾಸಿನಿಗೆ ಕಳಿಸಿ ನೋಡಿದರು. ಇಷ್ಟೆಲ್ಲ ಯಾಕೆ, ಸಾಮಾನ್ಯ ಪರೀಕ್ಷೆ ಸಾಕು ಎಂದವರಿದ್ದರು. ಸ್ಮೆಡ್ಸ್ ಪಟ್ಟು ಹಿಡಿದರು. ರಿಸೀವರಿನ ಒಳಗಿನ ಆ ಸೆಟ್ಟಿಂಗನ್ನು ಭೂಮಿಯಿಂದ ಬದಲಿಸುವಂತಿರಲಿಲ್ಲ. ಯಂತ್ರ ಬದಲಾಗದಿದ್ದರೆ ದಾರಿ ಬದಲಾಗಬೇಕು. ಕ್ಯಾಸಿನಿ ಟೈಟನ್ನನ್ನು ಸುಮಾರು 60,000 ಕಿಲೋಮೀಟರ್ ದೂರದಿಂದ, ಪ್ರೋಬಿನ ಕಡೆಗೆ ನುಗ್ಗುವ ಬದಲು ಅಡ್ಡಲಾಗಿ ಹಾದುಹೋಗುವಂತೆ ಕಕ್ಷೆಯನ್ನೇ ತಿದ್ದಿದರು. ಇಳಿಯುವ ದಿನ 2004ರ ನವೆಂಬರ್‌ನಿಂದ 2005ರ ಜನವರಿಗೆ ಸರಿಯಿತು. ಪ್ರೋಬಿನ ಗಡಿಯಾರದ ಆವರ್ತನ ಸ್ವಲ್ಪ ಜರುಗಲಿ ಎಂದು ಮುಂಚೆಯೇ ಆನ್ ಮಾಡಿ ಬೆಚ್ಚಗಾಗಿಸಿದರು. ನನ್ನ ಮಟ್ಟಿಗೆ ಇಡೀ ಯೋಜನೆಯ ಅತಿ ಚಂದದ ಎಂಜಿನಿಯರಿಂಗ್ ಈ ತಿದ್ದುಪಡಿಯೇ.

ಇಷ್ಟಾದರೂ ಇನ್ನೊಂದು ಎಡವಟ್ಟಾಯಿತು. ಕ್ಯಾಸಿನಿಗೆ ಕಳಿಸಿದ ಆಜ್ಞೆಗಳ ಸಾಲಿನಲ್ಲಿ ‘ಎ’ ಚಾನೆಲ್ಲಿನ ರಿಸೀವರ್ ಸರಿಯಾಗಿ ಆನ್ ಆಗುವ ಆಜ್ಞೆ ಬಿಟ್ಟುಹೋಗಿತ್ತು. ಒಂದು ಚಾನೆಲ್ ಪೂರ್ತಿ ಶೂನ್ಯ. ಬಹುತೇಕ ಉಪಕರಣಗಳು ಎರಡರಲ್ಲೂ ಒಂದೇ ದತ್ತಾಂಶ ಕಳಿಸುತ್ತಿದ್ದವು, ಹಾಗಾಗಿ ನಷ್ಟವಿಲ್ಲ. ಕ್ಯಾಮೆರಾ ತಂಡ ಮಾತ್ರ ಎರಡು ಚಾನೆಲ್‌ಗೆ ಬೇರೆ ಬೇರೆ ಚಿತ್ರ ಹಂಚಿತ್ತು. ಸುಮಾರು 700ರಲ್ಲಿ 350 ಉಳಿದವು. ಅವರು ದುರಾಸೆ ಪಟ್ಟರು ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಎರಡೂ ಕೆಲಸ ಮಾಡಿದ್ದರೆ ದುಪ್ಪಟ್ಟು ಸಿಗುತ್ತಿತ್ತು, ಒಂದು ಹೋದರೂ ಅರ್ಧ ಕೈಯಲ್ಲಿರುತ್ತದೆ ಎಂದು ಗೊತ್ತಿದ್ದೇ ಮಾಡಿದ ಜೂಜು ಅದು. ಪೂರ್ತಿ ಹೊಡೆತ ಬಿದ್ದದ್ದು ಗಾಳಿಯ ವೇಗ ಅಳೆಯುವ ಪ್ರಯೋಗಕ್ಕೆ, ಅದು ‘ಎ’ ಒಂದನ್ನೇ ನಂಬಿತ್ತು. ಅಮೆರಿಕದ ಗ್ರೀನ್ ಬ್ಯಾಂಕ್, ಆಸ್ಟ್ರೇಲಿಯಾದ ಪಾರ್ಕ್ಸ್ ಮುಂತಾದ ರೇಡಿಯೊ ದೂರದರ್ಶಕಗಳು ಅಷ್ಟು ದೂರದಿಂದ ಹೈಗನ್ಸ್‌ನ ವಾಹಕ ತರಂಗವನ್ನೇ ನೇರವಾಗಿ ಹಿಡಿದು, ಶ್ರುತಿಯ ಏರಿಳಿತದಿಂದ ಗಾಳಿಯ ವೇಗ ತೆಗೆದವು. ಬಿಟ್‌ಗಳನ್ನು ಓದುವಷ್ಟು ಶಕ್ತಿ ಆ ಸಂಕೇತಕ್ಕಿರಲಿಲ್ಲ. ಶ್ರುತಿ ಕೇಳಿಸಿದ್ದೇ ಸಾಕಾಯಿತು.

ಶಾಖದ ಬಗ್ಗೆ ನೀವು ಅಷ್ಟು ಹೆದರಬೇಕಾಗಿಲ್ಲ, ಆದರೆ ಒಂದು ಕಡೆ ಎಚ್ಚರ ಬೇಕು. ಸೆಕೆಂಡಿಗೆ 6 ಕಿಲೋಮೀಟರ್ ಎಂದರೆ ಪ್ರತಿ ಕಿಲೋಗೆ 18 ಮೆಗಾಜೂಲ್. ಭೂಮಿಯ ಕೆಳ ಕಕ್ಷೆಯಿಂದ ಮರಳುವ ವಸ್ತುವಿಗೆ ಅದು ಸುಮಾರು 30. ನಮ್ಮವರು 2007ರ ಜನವರಿಯಲ್ಲೇ 550 ಕಿಲೋದ ಕ್ಯಾಪ್ಸೂಲನ್ನು ಕಕ್ಷೆಯಿಂದ ಇಳಿಸಿ ಬಂಗಾಳ ಕೊಲ್ಲಿಯಿಂದ ಎತ್ತಿ ತಂದಿದ್ದಾರೆ, ಅನುಭವ ದೇಶದಲ್ಲಿದೆ. ಟೈಟನ್‌ನ ಗುರುತ್ವ ಕಡಿಮೆ, ಹಾಗಾಗಿ ಗಾಳಿ ನೂರಾರು ಕಿಲೋಮೀಟರ್ ಎತ್ತರಕ್ಕೆ ಉಬ್ಬಿಕೊಂಡಿದೆ, ಬ್ರೇಕು ಮೆಲ್ಲಗೆ ಹಿಡಿಯುತ್ತದೆ. ಎಚ್ಚರ ಬೇಕಿರುವುದು ಮೀಥೇನ್ ಕಡೆಗೆ. ಪ್ರೋಬಿನ ಮುಂದಿನ ಆಘಾತ ತರಂಗದಲ್ಲಿ ಸಾರಜನಕ, ಮೀಥೇನ್ ಎರಡೂ ಒಡೆದು ಇಂಗಾಲವೂ ಸಾರಜನಕವೂ ಜೋಡಿಯಾಗಿ ಸೈನೋಜನ್ ಕಣಗಳಾಗುತ್ತವೆ. ಅವು ವಿಪರೀತ ಪ್ರಭೆ ಬೀರುತ್ತವೆ. ಆಗ ಗಾಳಿಯ ಸ್ಪರ್ಶದಿಂದ ಬರುವ ಶಾಖದ ಜೊತೆಗೆ ಬೆಳಕಾಗಿ ಬೀಳುವ ಶಾಖವನ್ನೂ ಕೂಡಿಸಬೇಕು. ಭೂಮಿಯ ಗಾಳಿಗೆ ಬರೆದ ಪ್ರೋಗ್ರಾಂ ಇದನ್ನು ತಾನಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಶೀಲ್ಡಿನ ಆಕಾರ ಹೈಗನ್ಸ್‌ನಂತೆಯೇ ಇರಲಿ: 2.7 ಮೀಟರ್ ವ್ಯಾಸದ, ಮೊಂಡು ಮೂತಿಯ, 60 ಡಿಗ್ರಿ ಅರ್ಧಕೋನದ ಶಂಕು. ಹೊಸ ಆಕಾರ ಕಂಡುಹಿಡಿಯಲು ಹೋಗಬೇಡಿ.

ಚಳಿ ಮಾತ್ರ ನಿಜವಾದ ತಲೆನೋವು. ವಿಕ್ರಮ್ ಮೈಮೇಲೆ ಹೊಳೆಯುವ ಹಳದಿ ಪದರ ನೋಡಿದ್ದೀರಲ್ಲ, ಅದು ನಿರ್ವಾತದಲ್ಲಿ ಮಾತ್ರ ಕೆಲಸ ಮಾಡುವ ಕಂಬಳಿ. ಟೈಟನ್‌ನ ದಟ್ಟ ಗಾಳಿ ಪದರಗಳ ನಡುವೆ ನುಗ್ಗಿದರೆ ಅದರಿಂದ ಏನೂ ಪ್ರಯೋಜನವಿಲ್ಲ. ಫೋಮ್ ತುಂಬಬೇಕು. ಹೈಗನ್ಸ್ ಒಳಗೆ ಮೂರು ವಾರದ ಒಂಟಿ ಪಯಣಕ್ಕೆ ತಲಾ ಒಂದು ವಾಟ್‌ನಷ್ಟು ಶಾಖ ಕೊಡುವ 35 ಪ್ಲುಟೋನಿಯಂ ಹೀಟರ್‌ಗಳಿದ್ದವು. ಸೌರಫಲಕದ ಯೋಚನೆ ಬಿಡಿ. ಶನಿಯ ದೂರದಲ್ಲಿ ಬಿಸಿಲು ನಮ್ಮದರ ತೊಂಬತ್ತನೇ ಒಂದು ಭಾಗ, ಕಿತ್ತಳೆ ಬಣ್ಣದ ಮಬ್ಬಿನ ಕೆಳಗೆ ಅದೂ ಇಲ್ಲ.

ನೆಲದ ವಿಷಯ. ವಾಯೇಜರ್-1 1980ರಲ್ಲಿ ಹಾದುಹೋದಾಗ ಕಂಡದ್ದು ಬರೀ ಮಬ್ಬು. ಹೈಗನ್ಸ್ ವಿನ್ಯಾಸವಾಗುತ್ತಿದ್ದಾಗ ಕೆಳಗಿರುವುದು ಮಂಜುಗಡ್ಡೆಯೋ, ಕೆಸರೋ, ಮೀಥೇನ್ ಸಮುದ್ರವೋ ತಿಳಿದಿರಲಿಲ್ಲ. ಹಾಗಾಗಿ ಅದಕ್ಕೆ ಕಾಲುಗಳನ್ನೇ ಇಡಲಿಲ್ಲ. ತೇಲಿದರೆ ದ್ರವದ ಸಾಂದ್ರತೆ, ಆಳ ಅಳೆಯುವ ಉಪಕರಣ, ಗಟ್ಟಿ ನೆಲವಾದರೆ ಚುಚ್ಚಿ ನೋಡುವ ಸಣ್ಣ ಮೊಳೆ, ಎರಡನ್ನೂ ಕೊಟ್ಟು ಕಳಿಸಿದರು. ಇಳಿದ ಮೇಲೆ ಕೆಲವು ನಿಮಿಷ ಬದುಕಿದ್ದರೆ ಸಾಕು, ಉಳಿದದ್ದು ಲಾಭ ಎಂಬ ಕರಾರು. ಕೊನೆಗೆ ಅದು ಸೆಕೆಂಡಿಗೆ ಐದು ಮೀಟರಿನೊಳಗೆ ತೇವದ ನೆಲಕ್ಕೆ ತಾಗಿ, ಸ್ವಲ್ಪ ಜಾರಿ ನಿಂತಿತು. ಬಿಸಿಯಾಗಿದ್ದ ಉಪಕರಣದ ಮೂತಿ ನೆಲಕ್ಕೆ ತಾಗಿದಾಗ ಮೀಥೇನ್ ಆವಿ ಎದ್ದದ್ದು ದಾಖಲಾಯಿತು. ಇನ್ನೊಂದು ಮಾತು: ಇಳಿಯುವಾಗ ಪ್ರೋಬ್ ಒಂದೇ ದಿಕ್ಕಿಗೆ ತಿರುಗಲಿ ಎಂದು ಸುತ್ತಲೂ 36 ರೆಕ್ಕೆ ಇಟ್ಟಿದ್ದರು. ಅದು ಸ್ವಲ್ಪ ಹೊತ್ತಿನಲ್ಲೇ ಉಲ್ಟಾ ತಿರುಗತೊಡಗಿತು. ಬದಿಗೆ ಚಾಚಿಕೊಂಡಿದ್ದ ಬಿಡಿಭಾಗಗಳ ಪ್ರಭಾವ ಎಂದು ಆಮೇಲೆ ತಿಳಿಯಿತು. ಮಾದರಿಯನ್ನು ಗಾಳಿಸುರಂಗದಲ್ಲಿ ಇಡುವಾಗ ಬ್ರಾಕೆಟ್ಟು, ಕಡ್ಡಿ ಎಲ್ಲವನ್ನೂ ಹಚ್ಚಿಯೇ ಇಡಿ.

ಯೂರೋಪಾ ಸುಲಭವೆ? ನಿಮ್ಮ ವಿಕ್ರಮ್ ಮಾದರಿಗೆ ಅದು ಹತ್ತಿರ, ಏಕೆಂದರೆ ಅಲ್ಲಿ ಬ್ರೇಕಿಗೆ ಗಾಳಿ ಇಲ್ಲ. ಆದರೆ ಸುಲಭವಲ್ಲ. ದೂರದಿಂದ ಸುಮ್ಮನೆ ಬಿದ್ದ ವಸ್ತುವೂ ಅಲ್ಲಿ ಸೆಕೆಂಡಿಗೆ 2 ಕಿಲೋಮೀಟರ್ ವೇಗ ಪಡೆಯುತ್ತದೆ. ಅದನ್ನು ಎಂಜಿನ್ನಿನಿಂದಲೇ ಕಳೆಯುವುದಾದರೆ ಸಾಧಾರಣ ಇಂಧನಕ್ಕೆ ಒಟ್ಟು ತೂಕದ ಅರ್ಧ ಹೋಗುತ್ತದೆ. ಗುರುವಿನ ವಿಕಿರಣ ದಿನಕ್ಕೆ ಐದು ಸೀವರ್ಟ್‌ಗೂ ಮೇಲೆ, ಮನುಷ್ಯನಾದರೆ ಒಂದೇ ದಿನಕ್ಕೆ ಪ್ರಾಣಾಪಾಯ, ಚಿಪ್‌ಗಳಿಗೂ ಒಳ್ಳೆಯದಲ್ಲ. ಹಿಮದಡಿಯ ಸಮುದ್ರಕ್ಕೆ ನಮ್ಮ ಸೂಕ್ಷ್ಮಜೀವಿ ಸೇರುವ ಸಾಧ್ಯತೆ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಇರಬೇಕೆಂಬ ನಿಯಮ ಬೇರೆ. 2024ರ ಅಕ್ಟೋಬರ್‌ನಲ್ಲಿ ಹೊರಟ ಯೂರೋಪಾ ಕ್ಲಿಪ್ಪರ್ 2030ಕ್ಕೆ ಗುರುವನ್ನು ತಲುಪಿ ಹತ್ತಿರದಿಂದ ನೋಡಲಿದೆ, ಇಳಿಯುವುದಿಲ್ಲ. ಆ ಚಿತ್ರಗಳು ಬರುವವರೆಗೆ ಕಾಲಿನ ವಿನ್ಯಾಸ ಬರೀ ಊಹೆ. ಟೈಟನ್ನನ್ನೇ ಇಟ್ಟುಕೊಳ್ಳಿ.

ಟೈಟನ್‌ಗೆ ಹೈಗನ್ಸ್‌ಗಿಂತ ಬೇರೆ ದಾರಿಯೂ ಇದೆ. ನಾಸಾದ ಡ್ರ್ಯಾಗನ್‌ಫ್ಲೈ 2028ರ ಜುಲೈನಲ್ಲಿ ಹೊರಟು 2034ರಲ್ಲಿ ತಲುಪಬೇಕೆಂಬುದು ಯೋಜನೆ. ಎಂಟು ರೋಟರಿನ ಹಾರುವ ಯಂತ್ರ, ಒಳಗೆ ಪ್ಲುಟೋನಿಯಂ ವಿದ್ಯುತ್ ಘಟಕ. ಅದೇ ಗುರುತ್ವ, ಅದೇ ಸಾಂದ್ರತೆಯ ಅಂಕಿ ಹಾಕಿ ನೋಡಿ: ಒಂದೇ ತೂಕವನ್ನು ಒಂದೇ ರೋಟರಿನಿಂದ ಗಾಳಿಯಲ್ಲಿ ನಿಲ್ಲಿಸಲು ಟೈಟನ್‌ನಲ್ಲಿ ಬೇಕಾದ ಶಕ್ತಿ ಭೂಮಿಯ ಸುಮಾರು ನಲವತ್ತನೇ ಒಂದು ಭಾಗ. ಅದಕ್ಕೆ ಮೇಲೆ ಕಾಯುವ ನೌಕೆ ಇಲ್ಲ, ನೇರ ಭೂಮಿಗೇ ಮಾತಾಡುತ್ತದೆ. ಟೈಟನ್‌ನ ಒಂದು ದಿನ ನಮ್ಮ ಹದಿನಾರು ದಿನ, ಹಾಗಾಗಿ ಎಂಟು ದಿನ ಭೂಮಿ ಕಾಣುತ್ತದೆ, ಎಂಟು ದಿನ ಕಾಣುವುದಿಲ್ಲ. ವರ್ಷಗಟ್ಟಲೆ ಬಾಳುವ ಯಂತ್ರಕ್ಕೆ ಆತುರವಿಲ್ಲ, ನಿಧಾನವಾಗಿ ಕಳಿಸಬಹುದು. ಅಲ್ಪಾಯುಷಿಯಾದರೆ ಹತ್ತಿರದಲ್ಲಿ ಕಿವಿ ಬೇಕು, ದೀರ್ಘಾಯುಷಿಯಾದರೆ ದೂರದ ಕಿವಿ ನಡೆದೀತು. ನಿಮ್ಮದು ಯಾವುದು ಎಂಬುದನ್ನು ವರದಿಯ ಮೊದಲ ಪುಟದಲ್ಲೇ ಬರೆಯಿರಿ. ವಿದ್ಯಾರ್ಥಿ ಪ್ರಾಜೆಕ್ಟಿಗೆ ಬ್ಯಾಟರಿಯ ಅಲ್ಪಾಯುಷಿಯೇ ವಾಸಿ, ಪ್ಲುಟೋನಿಯಂ ಎಂದು ಬರೆದ ಕೂಡಲೇ ಪರೀಕ್ಷಕರು ಬೇರೆಯದನ್ನೇ ಕೇಳತೊಡಗುತ್ತಾರೆ.

ಕೊನೆಯದಾಗಿ ಪರೀಕ್ಷೆ. ವಿಕ್ರಮ್‌ಗಾಗಿ ಸೇಲಂ ಬಳಿಯ ಸಿತ್ತಂಪೂಂಡಿಯ ಕಲ್ಲನ್ನು ಪುಡಿಮಾಡಿ ಚಂದ್ರನ ಮಣ್ಣು ಮಾಡಿದರು, ಚಳ್ಳಕೆರೆ ಕಡೆಯ ಉಳ್ಳಾರ್ತಿಯಲ್ಲಿ ಕೃತಕ ಕುಳಿ ತೋಡಿದರು. ನಿಮಗೆ ಅಷ್ಟು ಬೇಡ. ಒಂದು, ಚಳಿ: ದ್ರವ ಸಾರಜನಕ ಮೈನಸ್ 196 ಡಿಗ್ರಿ, ಟೈಟನ್‌ಗಿಂತ ಸ್ವಲ್ಪವೇ ಹೆಚ್ಚು ತಂಪು. ಅದನ್ನು ಬಳಸುವ ಪ್ರಯೋಗಾಲಯದವರ ಎದುರಲ್ಲಿ, ಗಾಳಿಯಾಡುವ ಕೋಣೆಯಲ್ಲಿ, ಫೋಮ್ ಡಬ್ಬಿಯೊಳಗೆ ಬ್ಯಾಟರಿಯಿಟ್ಟು ಎಷ್ಟು ಹೊತ್ತು ಬಾಳುತ್ತದೆ ನೋಡಿ. ಮುಚ್ಚಿದ ಕೋಣೆಯಲ್ಲಿ ಬೇಡವೇ ಬೇಡ, ಆವಿಯಾದ ಸಾರಜನಕ ಆಮ್ಲಜನಕವನ್ನು ಹೊರದೂಡಿಬಿಡುತ್ತದೆ.

ಎರಡು, ರೇಡಿಯೊ. ಎಸ್‌ಪಿ ರಸ್ತೆಗೆ ಹೋಗಿ ಒಂದು ಜೊತೆ ಅಗ್ಗದ ರೇಡಿಯೊ ಬೋರ್ಡ್ ತನ್ನಿ. ಸೆಕೆಂಡಿಗೆ 8192 ಬಿಟ್‌ನಂತೆ ಒಂದು ಚಿತ್ರ ಕಳಿಸಿ, ಕಳಿಸುವ ಬೋರ್ಡಿನ ಗಡಿಯಾರವನ್ನು ಲಕ್ಷಕ್ಕೆ ಎರಡರಷ್ಟು ಜರುಗಿಸಿ. ತಮಾಷೆಯೆಂದರೆ ಅಗ್ಗದ ಕ್ರಿಸ್ಟಲ್‌ಗಳ ನಡುವೆಯೇ ಸಹಜವಾಗಿ ಅಷ್ಟು ವ್ಯತ್ಯಾಸ ಇರುತ್ತದೆ, ಹೇರ್ ಡ್ರೈಯರ್ ಹಿಡಿದರೆ ಇನ್ನಷ್ಟು ಜರುಗುತ್ತದೆ. ಕಳಿಸುವ ಪ್ರೋಗ್ರಾಂ ಬರೆದವರು ಬೇರೆ, ಹಿಡಿಯುವ ಪ್ರೋಗ್ರಾಂ ಬರೆದವರು ಬೇರೆ ಇರಲಿ. ಎಷ್ಟು ಜರುಗಿಸಿದ್ದೀರಿ ಎಂದು ಹಿಡಿಯುವವರಿಗೆ ಹೇಳಬೇಡಿ. ಎರಡನೇ ಚಾನೆಲ್ ಇಟ್ಟಿದ್ದರೆ, ಪರೀಕ್ಷೆಯ ನಡುವೆ ಒಂದರ ತಂತಿಯನ್ನು ಗೈಡ್ ಕೈಯಲ್ಲಿ ಕೀಳಿಸಿ. ಯಾವ ಉಪಕರಣದ ದತ್ತಾಂಶ ಪೂರ್ತಿ ಹೋಯಿತು, ಯಾವುದರದು ಅರ್ಧ ಉಳಿಯಿತು ಎಂಬ ಪಟ್ಟಿಯನ್ನು ವರದಿಗೆ ಲಗತ್ತಿಸಿ.